ಸೊಲೆಡಾಡ್ ಶಾಲೆಯ ಒಂಬತ್ತು ಮಕ್ಕಳು

ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಲೆಟ್ಯೂಸ್ ಸೊಪ್ಪಿನ ಸಾಲುಗಳು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿರುತ್ತವೆ. 1960ರ ದಶಕದಲ್ಲಿ ಆ ಸಾಲುಗಳ ನಡುವೆ ಗಿಡ್ಡ ಹಿಡಿಯ ಗುದ್ದಲಿ ಹಿಡಿದು, ದಿನವಿಡೀ ನಡು ಬಗ್ಗಿಸಿ ದುಡಿಯುತ್ತಿದ್ದವರು ಹೆಚ್ಚಾಗಿ ಮೆಕ್ಸಿಕೋ ಮೂಲದ ಕೂಲಿಗಳು. ಕಣಿವೆಯೊಳಗಿನ ಸಣ್ಣ ಊರು ಸೊಲೆಡಾಡ್. ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ 'ಆಫ್ ಮೈಸ್ ಅಂಡ್ ಮೆನ್' ಕಿರುಕಾದಂಬರಿಯ ಕಥೆ ನಡೆಯುವುದು ಈ ಊರಿನ ಆಸುಪಾಸಿನಲ್ಲೇ. ಅದರಲ್ಲಿ ಬುದ್ಧಿ ಬೆಳೆಯದ ಒಬ್ಬ ಕೂಲಿಯಾಳು ಇದ್ದಾನೆ. ಅವನು ಲೇಖಕನ ಕಲ್ಪನೆ. ಮೂವತ್ತು ವರ್ಷಗಳ ನಂತರ ಅದೇ ಊರಿನ ಶಾಲೆ ಕೂಲಿಗಳ ಮಕ್ಕಳಿಗೆ ಬುದ್ಧಿ ಬೆಳೆದಿಲ್ಲವೆಂದು ದಾಖಲೆ ಬರೆದದ್ದು ಮಾತ್ರ ಕಲ್ಪನೆಯಲ್ಲ.

ಆ ಶಾಲೆಯಲ್ಲಿ ಒಂದು ಪ್ರತ್ಯೇಕ ತರಗತಿ ಇತ್ತು. ಕಾಗದದ ಮೇಲೆ ಅದರ ಹೆಸರು 'ಕಲಿಸಬಹುದಾದ ಬುದ್ಧಿಮಾಂದ್ಯರ ತರಗತಿ'. ಎಂಟು ವರ್ಷದ ಮಗುವನ್ನೂ ಹದಿಮೂರು ವರ್ಷದ ಹುಡುಗನನ್ನೂ ಒಂದೇ ಕೊಠಡಿಯಲ್ಲಿ ಕೂರಿಸುತ್ತಿದ್ದರು. ದಿನದ ಬಹುಪಾಲು ಚಿತ್ರಗಳಿಗೆ ಬಣ್ಣ ತುಂಬುವುದು, ಪತ್ರಿಕೆಗಳಿಂದ ಚಿತ್ರ ಕತ್ತರಿಸುವುದು ಇಷ್ಟರಲ್ಲೇ ಕಳೆಯುತ್ತಿತ್ತು ಎಂದು ಮುಂದೆ ಮಕ್ಕಳ ಪರ ವಕೀಲರು ನ್ಯಾಯಾಲಯಕ್ಕೆ ತಿಳಿಸಿದರು. ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಿದ್ದ ಮಕ್ಕಳನ್ನು ಈ ಕೊಠಡಿಗೆ ಕಳಿಸಿದ್ದು ಇಂಗ್ಲಿಷಿನಲ್ಲಿ ನಡೆದ ಒಂದು ಐಕ್ಯೂ ಪರೀಕ್ಷೆ. ಆಗ ಶಾಲೆಗಳಲ್ಲಿ ಬಳಕೆಯಲ್ಲಿದ್ದ ವೆಕ್ಸ್‌ಲರ್ ಪರೀಕ್ಷೆಯ ಸಾಮಾನ್ಯಜ್ಞಾನ ಭಾಗದ ಪ್ರಶ್ನೆಗಳು ಹೀಗಿದ್ದವು: ರೋಮಿಯೊ ಜೂಲಿಯೆಟ್ ಬರೆದವರು ಯಾರು? ಚೆಂಗೀಸ್ ಖಾನ್ ಯಾರು? ಸಿ.ಓ.ಡಿ. ಎಂದರೇನು? ಕೊನೆಯದು, ಸಾಮಾನು ಕೈಸೇರಿದಾಗ ಹಣ ಕೊಡುವ ಪದ್ಧತಿ. ಮನೆಗೆ ಪಾರ್ಸೆಲ್ ಬಂದದ್ದನ್ನೇ ಕಾಣದ ಮಗುವಿಗೆ ಈ ಮೂರಕ್ಷರದ ಅರ್ಥ ಗೊತ್ತಿಲ್ಲದಿದ್ದರೆ ಬುದ್ಧಿಯ ಲೆಕ್ಕದಲ್ಲಿ ಅಂಕ ಹೋಗುತ್ತಿತ್ತು.

ಇಂಥ ಪರೀಕ್ಷೆಗೆ ಇಷ್ಟೊಂದು ಅಧಿಕಾರ ಬಂದದ್ದು ಹೇಗೆ ಎಂದು ಕೇಳಿದರೆ ಕಥೆ ಪ್ಯಾರಿಸ್ಸಿಗೆ ಹೋಗುತ್ತದೆ. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ತೆಯೊಡೋರ್ ಸೀಮೊನ್, ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ನೆರವು ಕೊಡಲೆಂದು ಒಂದು ಪ್ರಶ್ನಾವಳಿ ಮಾಡಿದರು. ಅದರಿಂದ ಹುಟ್ಟುಬುದ್ಧಿಯನ್ನು ಅಳೆಯಬಹುದೆಂದು ಬಿನೆ ಹೇಳಿರಲಿಲ್ಲ. ಹಾಗೆ ಹೇಳಿದವರು ಅಮೆರಿಕದವರು. ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಬುದ್ಧಿಮಾಂದ್ಯ ಮಕ್ಕಳ ಸಂಸ್ಥೆಯಲ್ಲಿದ್ದ ಹೆನ್ರಿ ಗಾಡರ್ಡ್ ಈ ಪರೀಕ್ಷೆಯನ್ನು ಇಂಗ್ಲಿಷಿಗೆ ತಂದು, ವಲಸಿಗರ ಹಡಗುಗಳು ಬಂದು ನಿಲ್ಲುತ್ತಿದ್ದ ಎಲಿಸ್ ದ್ವೀಪಕ್ಕೆ ಕೊಂಡೊಯ್ದರು.

ಅಲ್ಲಿ ನಡೆದ ಒಂದು ಪ್ರಸಂಗವನ್ನು ಗಾಡರ್ಡ್ ತಾವೇ ಬರೆದಿಟ್ಟಿದ್ದಾರೆ. ಆಗತಾನೇ ಬಂದಿಳಿದ ಒಬ್ಬ ಹುಡುಗನನ್ನು ಪಕ್ಕಕ್ಕೆ ಕರೆದು, ದುಭಾಷಿಯ ಮೂಲಕ ಪ್ರಶ್ನೆ ಕೇಳಿದರು. ಎಂಟು ವರ್ಷದ ಮಗುವಿನ ಬುದ್ಧಿ ಎಂದು ಫಲಿತಾಂಶ ಬಂತು. ದುಭಾಷಿ ತಡೆಯಲಾರದೆ, ತಾನು ಈ ದೇಶಕ್ಕೆ ಬಂದ ಹೊಸದರಲ್ಲಿ ತನ್ನಿಂದಲೂ ಇದಕ್ಕೆ ಉತ್ತರಿಸಲು ಆಗುತ್ತಿರಲಿಲ್ಲ ಎಂದ. ಹುಡುಗ ನಿಜಕ್ಕೂ ಮಂದಬುದ್ಧಿಯವನೇ ಎಂದು ತಾವು ಅವನಿಗೆ ಮನವರಿಕೆ ಮಾಡಿಕೊಟ್ಟೆವು ಎಂಬುದು ಗಾಡರ್ಡ್ ಅವರ ವರದಿ. ಮುಂದಿನ ಐವತ್ತು ವರ್ಷ ಅಮೆರಿಕದ ಶಾಲೆಗಳಲ್ಲಿ ನಡೆದದ್ದೆಲ್ಲ ಈ ಒಂದು ಪ್ರಸಂಗದಲ್ಲೇ ಇದೆ ಅನ್ನಿಸುತ್ತದೆ. ಎರಡೂ ಭಾಷೆ ಬಲ್ಲವನೊಬ್ಬ ಅಲ್ಲೇ ನಿಂತಿದ್ದ. ತಪ್ಪು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿದ. ಅವನ ಮಾತನ್ನು ಕೇಳಿಸಿಕೊಂಡೇ ಪಕ್ಕಕ್ಕಿಟ್ಟರು.

1917ರಲ್ಲಿ ಗಾಡರ್ಡ್ ಪ್ರಕಟಿಸಿದ ಅಂಕಿಗಳು ಇಂದು ನಗು ತರಿಸುತ್ತವೆ: ಪರೀಕ್ಷೆಗೆ ಕೂತ ಯಹೂದಿಗಳಲ್ಲಿ ಶೇ. 83, ಇಟಲಿಯವರಲ್ಲಿ ಶೇ. 79, ರಷ್ಯನ್ನರಲ್ಲಿ ಶೇ. 87 ಮಂದಿ ಮಂದಬುದ್ಧಿಯವರು! ಇಲ್ಲಿ ವಿದ್ವಾಂಸರ ನಡುವೆ ಒಂದು ತಕರಾರಿದೆ. ಗಾಡರ್ಡ್ ವಲಸಿಗರನ್ನೆಲ್ಲ ಹೀಗೆ ತೂಗಿ ಹೊರಗಟ್ಟಿದರು ಎಂದು ಈ ಪರೀಕ್ಷೆಗಳನ್ನು ಟೀಕಿಸಿ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಬರೆದ ಪುಸ್ತಕ ಓದಿದ ಹಲವರು ನಂಬಿದ್ದಾರೆ. ಗಾಡರ್ಡ್ ಆರಿಸಿಕೊಂಡದ್ದು ಸಣ್ಣದೊಂದು ಗುಂಪನ್ನು, ಅದು ಎಲ್ಲ ವಲಸಿಗರ ಪ್ರತಿನಿಧಿಯಲ್ಲ ಎಂದು ಅವರೇ ಹೇಳಿದ್ದರು, ವಲಸೆಯನ್ನು ಬಿಗಿಗೊಳಿಸಿದ 1924ರ ಕಾನೂನಿಗೆ ಈ ಪರೀಕ್ಷೆಗಳೇ ಕಾರಣ ಎನ್ನುವುದು ಉತ್ಪ್ರೇಕ್ಷೆ ಎಂಬುದು ಇನ್ನೊಂದು ಪಕ್ಷದ ವಾದ. ಸಂಸತ್ತಿನ ಮಟ್ಟಿಗೆ ಎರಡನೆಯ ಪಕ್ಷದ ಮಾತಿನಲ್ಲಿ ಹುರುಳಿರಬಹುದು. ಶಾಲೆಗಳ ಮಟ್ಟಿಗೆ ಆದ ಹಾನಿಯ ಬಗ್ಗೆ ಸಂಶಯ ಕಷ್ಟ. 1916ರಲ್ಲಿ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ ಸ್ಟ್ಯಾನ್‌ಫರ್ಡ್-ಬಿನೆ ಎಂದು ಹೊರತಂದ ಲೂಯಿಸ್ ಟರ್ಮನ್, ಅಮೆರಿಕದ ನೈಋತ್ಯ ಭಾಗದ ಮೆಕ್ಸಿಕನ್ ಮತ್ತು ಸ್ಪ್ಯಾನಿಷ್-ಮೂಲನಿವಾಸಿ ಕುಟುಂಬಗಳಲ್ಲಿ ಮಂದಬುದ್ಧಿ ಸಾಮಾನ್ಯವೆಂದೂ, ಅಂಥ ಮಕ್ಕಳನ್ನು ಪ್ರತ್ಯೇಕ ತರಗತಿಗಳಲ್ಲಿಡಬೇಕೆಂದೂ ತಮ್ಮ ಪುಸ್ತಕದಲ್ಲಿ ನೇರವಾಗಿಯೇ ಬರೆದರು. ಶಿಕ್ಷಕರ ತರಬೇತಿಯಲ್ಲಿ ಓದಿಸುತ್ತಿದ್ದುದು ಇಂಥ ಪುಸ್ತಕಗಳನ್ನೇ.

ಇದನ್ನು ಪ್ರಶ್ನಿಸಿದವರು ಇರಲಿಲ್ಲವೆಂದಲ್ಲ. ನ್ಯೂ ಮೆಕ್ಸಿಕೋದಲ್ಲಿ ಹುಟ್ಟಿ, ಹಳ್ಳಿ ಶಾಲೆಗಳಲ್ಲಿ ಮೇಷ್ಟರಾಗಿದ್ದ ಜಾರ್ಜ್ ಐ. ಸಾಂಚೆಜ್ 1934ರಲ್ಲಿ ಒಂದು ಲೇಖನ ಬರೆದರು. ಇಂಗ್ಲಿಷೇ ಬಾರದ ಮಗುವಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಕೊಟ್ಟರೆ ಅಳತೆಗೆ ಸಿಗುವುದು ಶಾಲೆ ಅವನಿಗೆ ಎಷ್ಟು ಕಲಿಸಿಲ್ಲ ಎಂಬುದು ಮಾತ್ರ ಎಂಬ ಎಚ್ಚರಿಕೆ ಅದರಲ್ಲಿತ್ತು. ಅದೇ 1934ರಲ್ಲಿ ಧಾರವಾಡದ ವಿ. ವಿ. ಕಾಮತರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ಪರಿಷ್ಕರಿಸಿ ಬ್ರಿಟನ್ನಿನ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪ್ರಶ್ನೆಗಳನ್ನು ಕನ್ನಡಕ್ಕೆ ತಂದದ್ದಷ್ಟೇ ಅಲ್ಲ, ಇಲ್ಲಿಯ ಮಕ್ಕಳಿಗೇ ಕೇಳಿ, ಯಾವ ವಯಸ್ಸಿಗೆ ಯಾವುದು ತಿಳಿಯುತ್ತದೆಂದು ಹೊಸದಾಗಿ ಗೊತ್ತುಮಾಡಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ; ಅಷ್ಟು ಹಳೆಯದನ್ನು ಇನ್ನೂ ಬಳಸಬೇಕೆ ಎಂಬುದು ಬೇರೆ ಚರ್ಚೆ. ಧಾರವಾಡದಲ್ಲಿ ಸಾಧ್ಯವಾದದ್ದು ಕ್ಯಾಲಿಫೋರ್ನಿಯಾದಂಥ ಶ್ರೀಮಂತ ರಾಜ್ಯಕ್ಕೆ ಅಸಾಧ್ಯವಾಗಿರಲಿಲ್ಲ. ಅಗತ್ಯ ಕಾಣಲಿಲ್ಲ, ಅಷ್ಟೇ. 1937ರ ಸ್ಟ್ಯಾನ್‌ಫರ್ಡ್-ಬಿನೆಯನ್ನು ಅಮೆರಿಕದಲ್ಲೇ ಹುಟ್ಟಿದ ಬಿಳಿಯ ಮಕ್ಕಳ ಮೇಲೆ ಮಾತ್ರ ಅಳೆದು ಹದಗೊಳಿಸಿದ್ದರು. 1949ರ ವೆಕ್ಸ್‌ಲರ್ ಮಕ್ಕಳ ಪರೀಕ್ಷೆಗೆ ಆಧಾರವಾದ 2,200 ಮಕ್ಕಳೂ ಬಿಳಿಯರೇ. ಇದರ ಕರ್ತೃ ಡೇವಿಡ್ ವೆಕ್ಸ್‌ಲರ್ ಸ್ವತಃ ರೊಮೇನಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ನ್ಯೂಯಾರ್ಕಿಗೆ ಬಂದ ವಲಸಿಗ!

ಯುದ್ಧಾನಂತರದ ವರ್ಷಗಳಲ್ಲಿ ವಿಶೇಷ ಶಿಕ್ಷಣದ ತರಗತಿಗಳು ಹೆಚ್ಚಿದವು. ಅವುಗಳೊಳಗೆ ಯಾರು ಕೂತಿದ್ದಾರೆಂದು ನೋಡುವ ಕೆಲಸವನ್ನು 1960ರ ದಶಕದಲ್ಲಿ ಇಬ್ಬರು ಮಾಡಿದರು. ಸಮಾಜಶಾಸ್ತ್ರಜ್ಞೆ ಜೇನ್ ಮರ್ಸರ್ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ನಗರವನ್ನೇ ಜಾಲಾಡಿದರು. ಶಾಲೆ ಬುದ್ಧಿಮಾಂದ್ಯರೆಂದು ಬರೆದ ಎಷ್ಟೋ ಮಕ್ಕಳು ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಳ್ಳುತ್ತಿದ್ದರು, ಅಂಗಡಿಗೆ ಹೋಗಿ ಲೆಕ್ಕ ತಪ್ಪದೆ ಚಿಲ್ಲರೆ ತರುತ್ತಿದ್ದರು. ಬೆಳಗ್ಗೆಯಿಂದ ಶಾಲೆ ಬಿಡುವವರೆಗಿನ ಆರು ಗಂಟೆ ಮಾತ್ರ ಅವರು ಬುದ್ಧಿಮಾಂದ್ಯರು. 'ಆರು ಗಂಟೆಯ ಬುದ್ಧಿಮಾಂದ್ಯ ಮಗು' ಎಂಬ ಹೆಸರಿನಲ್ಲೇ ಅಮೆರಿಕದ ಅಧ್ಯಕ್ಷರ ಸಮಿತಿಯೊಂದು 1970ರಲ್ಲಿ ವರದಿ ಹೊರತಂದಿತು.

ಇನ್ನೊಬ್ಬರು ಲಾಯ್ಡ್ ಡನ್. ವಿಶೇಷ ಶಿಕ್ಷಣ ಕ್ಷೇತ್ರದ ದೊಡ್ಡ ಹೆಸರು, ಆ ಕ್ಷೇತ್ರದ ಸಂಘಟನೆಗೆ ಅಧ್ಯಕ್ಷರಾಗಿದ್ದವರು. 1968ರಲ್ಲಿ ಅವರು ತಮ್ಮವರನ್ನೇ ಕೇಳಿದರು: ನಾವು ನಡೆಸುತ್ತಿರುವ ಈ ತರಗತಿಗಳಲ್ಲಿ ಹೆಚ್ಚಿನವಕ್ಕೆ ಸಮರ್ಥನೆ ಇದೆಯೇ? ಇಲ್ಲಿರುವ ಮಕ್ಕಳಲ್ಲಿ ಶೇ. 60ರಿಂದ 80ರಷ್ಟು ಬಡವರು, ಕಪ್ಪುಜನ, ಮೂಲನಿವಾಸಿಗಳು, ಮೆಕ್ಸಿಕನ್ ಮತ್ತು ಪೋರ್ಟೊರಿಕೊ ಮೂಲದವರು, ಪ್ರಮಾಣ ಇಂಗ್ಲಿಷ್ ಆಡದ ಮನೆಗಳಿಂದ ಬಂದವರು ಎಂದು ಅಂದಾಜು ಕೊಟ್ಟರು. ಹೊರಗಿನವರು ಹೇಳಿದ್ದರೆ ದೂರು ಎಂದು ತಳ್ಳಿಹಾಕಬಹುದಿತ್ತು. ಒಳಗಿನವರೇ ಹೇಳಿದ್ದರಿಂದ ವಕೀಲರ ಕೈಗೆ ಒಂದು ಆಧಾರ ಸಿಕ್ಕಿತು. ಕ್ಯಾಲಿಫೋರ್ನಿಯಾದ ಸರ್ಕಾರಿ ಲೆಕ್ಕವೂ ಅದನ್ನೇ ಹೇಳುತ್ತಿತ್ತು. 1966-67ರಲ್ಲಿ ಸ್ಪ್ಯಾನಿಷ್ ಹೆಸರಿನ ಮಕ್ಕಳು ಶಾಲೆಗಳಲ್ಲಿ ಶೇ. 13, ಬುದ್ಧಿಮಾಂದ್ಯರ ತರಗತಿಗಳಲ್ಲಿ ಶೇ. 26.

ಕೃಷಿ ಕೂಲಿಗಳಿಗೆ ಉಚಿತ ಕಾನೂನು ನೆರವು ಕೊಡಲೆಂದು 1966ರಲ್ಲಿ ಹುಟ್ಟಿದ್ದ ಕ್ಯಾಲಿಫೋರ್ನಿಯಾ ರೂರಲ್ ಲೀಗಲ್ ಅಸಿಸ್ಟೆನ್ಸ್ ಎಂಬ ಸಂಸ್ಥೆಯ ಕಚೇರಿ ಸಲೀನಾಸ್‌ನಲ್ಲಿತ್ತು. ಮಾರಿಸ್ ಜೋರ್ಡೇನ್, ಮಾರ್ಟಿ ಗ್ಲಿಕ್ ಅಲ್ಲಿಯ ತರುಣ ವಕೀಲರು. ಗಿಡ್ಡ ಗುದ್ದಲಿಯ ಬಳಕೆಯನ್ನು 1975ರಲ್ಲಿ ನಿಷೇಧಿಸುವಂತೆ ಮಾಡಿದ ಹೋರಾಟದಲ್ಲೂ ಜೋರ್ಡೇನ್ ಮುಂದಿದ್ದರು. ಈ ವಕೀಲರು ಸೊಲೆಡಾಡ್‌ನ ಒಂಬತ್ತು ಮಕ್ಕಳನ್ನು ಎರಡನೆಯ ಸಲ ಪರೀಕ್ಷೆ ಮಾಡಿಸಿದರು. ಈ ಸಲ ಪರೀಕ್ಷಕರಿಗೆ ಎರಡೂ ಭಾಷೆ ಬರುತ್ತಿತ್ತು. ಮಕ್ಕಳು ಸ್ಪ್ಯಾನಿಷಿನಲ್ಲೂ ಉತ್ತರ ಹೇಳಬಹುದಾಗಿತ್ತು. ಮೊದಲು 30ರಿಂದ 72ರವರೆಗೆ ಇದ್ದ ಐಕ್ಯೂ ಸರಾಸರಿ 15 ಅಂಕ ಮೇಲೇರಿತು. ಒಂಬತ್ತರಲ್ಲಿ ಏಳು ಮಕ್ಕಳು ಬುದ್ಧಿಮಾಂದ್ಯತೆಯ ಗೆರೆಯನ್ನು ದಾಟಿಬಿಟ್ಟರು; ಉಳಿದವರೂ ಗೆರೆಯ ಹತ್ತಿರಕ್ಕೆ ಬಂದರು. ಮಕ್ಕಳು ಅವೇ, ಪರೀಕ್ಷೆಯೂ ಬಹುಪಾಲು ಅದೇ. ಬದಲಾದದ್ದು ಪ್ರಶ್ನೆ ಕೇಳಿದ ಭಾಷೆ.

1970ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ದಾಖಲಾಯಿತು. ಒಬ್ಬ ಹುಡುಗಿಯನ್ನು 'ಡಯಾನಾ' ಎಂದು ಹೆಸರಿಸಿದ್ದರಿಂದ ಇತಿಹಾಸದಲ್ಲಿ ಅದು ಡಯಾನಾ ಮೊಕದ್ದಮೆ ಎಂದೇ ಉಳಿದಿದೆ. ನ್ಯಾಯಾಧೀಶ ರಾಬರ್ಟ್ ಪೆಕ್ಹ್ಯಾಮ್ ಅವರೆದುರು ದೊಡ್ಡ ವಾದವಿವಾದವೇನೂ ನಡೆಯಲಿಲ್ಲ. ಮರುಪರೀಕ್ಷೆಯ ಅಂಕಗಳೆದುರು ರಾಜ್ಯ ಸರ್ಕಾರಕ್ಕೆ ಹೇಳಲು ಏನೂ ಉಳಿದಿರಲಿಲ್ಲ. ಫೆಬ್ರವರಿಯಲ್ಲೇ ರಾಜಿ ಒಪ್ಪಂದವಾಯಿತು. ಮನೆಮಾತು ಇಂಗ್ಲಿಷ್ ಅಲ್ಲದ ಮಗುವಿಗೆ ಮನೆಮಾತಿನಲ್ಲೂ ಇಂಗ್ಲಿಷಿನಲ್ಲೂ ಪರೀಕ್ಷೆ ಕೊಡಬೇಕು. ಶಬ್ದಾರ್ಥ, ಸಾಮಾನ್ಯಜ್ಞಾನದಂಥ ಭಾಗಗಳನ್ನು ಬಿಡಬೇಕು. ಆಗಲೇ ಬುದ್ಧಿಮಾಂದ್ಯರ ತರಗತಿಯಲ್ಲಿದ್ದ ಮೆಕ್ಸಿಕನ್ ಮತ್ತು ಚೀನೀ ಮೂಲದ ಮಕ್ಕಳನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಸಾಮಾನ್ಯ ತರಗತಿಗೆ ಮರಳುವವರಿಗೆ ನೆರವು ಕೊಡಬೇಕು. ಯಾವುದಾದರೂ ಜಿಲ್ಲೆಯಲ್ಲಿ ಒಂದು ಜನಾಂಗದ ಮಕ್ಕಳು ಇಂಥ ತರಗತಿಗಳಲ್ಲಿ ಎದ್ದುಕಾಣುವಷ್ಟು ಹೆಚ್ಚಿದ್ದರೆ ಆ ಜಿಲ್ಲೆ ವಿವರಣೆ ಕೊಡಬೇಕು. ಅದೇ ವರ್ಷದ ಆಗಸ್ಟ್‌ನಲ್ಲಿ ಸೀಸರ್ ಚಾವೆಜ್ ಅವರ ಮುಂದಾಳ್ತನದಲ್ಲಿ ಸಲೀನಾಸ್ ಕಣಿವೆಯ ಕೂಲಿಗಳು ಮುಷ್ಕರ ಹೂಡಿದರು. ಲೆಟ್ಯೂಸ್ ಹೊಲದಲ್ಲೇ ಕೊಳೆಯಿತು. ಸುದ್ದಿಯಾದದ್ದು ಅದು.

ಡಯಾನಾ ಒಪ್ಪಂದ ಪತ್ರಿಕೆಗಳ ಮುಖಪುಟ ಕಾಣದಿದ್ದರೂ ವಾಷಿಂಗ್ಟನ್ನಿನಲ್ಲಿ ಅದೇ ಗಾಳಿ ಬೀಸುತ್ತಿತ್ತು. 1970ರ ಮೇ 25ರಂದು ಕೇಂದ್ರದ ಪೌರಹಕ್ಕುಗಳ ಕಚೇರಿ ಬೇರೆ ರಾಷ್ಟ್ರಮೂಲದ ಅಲ್ಪಸಂಖ್ಯಾತ ಮಕ್ಕಳು ಶೇ. 5ಕ್ಕಿಂತ ಹೆಚ್ಚಿದ್ದ ಶಾಲಾ ಜಿಲ್ಲೆಗಳಿಗೆ ಒಂದು ಸುತ್ತೋಲೆ ಹೊರಡಿಸಿತು. ಮಗುವಿನ ಇಂಗ್ಲಿಷ್ ಜ್ಞಾನವನ್ನಷ್ಟೇ ಅಳೆಯುವ ಮಾನದಂಡದಿಂದ ಅದನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಕೂಡದು ಎಂದು ಅದರಲ್ಲಿತ್ತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಇಂಗ್ಲಿಷ್ ಅರ್ಥವಾಗದೆ, ಯಾವ ನೆರವೂ ಸಿಗದೆ ಕೂತಿದ್ದ ಸುಮಾರು 1,800 ಚೀನೀ ಮಕ್ಕಳ ಪರವಾಗಿ ನಡೆದ ಲಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಇದೇ ಸುತ್ತೋಲೆಯನ್ನು ಎತ್ತಿಹಿಡಿಯಿತು. ಒಂದೇ ಪುಸ್ತಕ, ಒಬ್ಬರೇ ಮೇಷ್ಟರು ಕೊಟ್ಟ ಮಾತ್ರಕ್ಕೆ ಸಮಾನತೆ ಬಂದಂತಲ್ಲ ಎಂಬುದು ಆ ತೀರ್ಪಿನ ಸಾರ. ಮರುವರ್ಷ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅಂಗವಿಕಲ ಮಕ್ಕಳ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಪರೀಕ್ಷೆ ಮಗುವಿನ ಮನೆಮಾತಿನಲ್ಲಿರಬೇಕು, ಒಂದೇ ಪರೀಕ್ಷೆಯ ಮೇಲೆ ತೀರ್ಮಾನ ಮಾಡಕೂಡದು ಎಂಬ ಡಯಾನಾ ಒಪ್ಪಂದದ ತಿರುಳು ಈಗ ಇಡೀ ದೇಶದ ಕಾನೂನಾಯಿತು.

ಇನ್ನೊಂದು ಬದಲಾವಣೆ ಹೆಚ್ಚು ಸದ್ದಿಲ್ಲದೆ ನಡೆಯಿತು. ಬುದ್ಧಿಮಾಂದ್ಯತೆಯ ವ್ಯಾಖ್ಯಾನ ಮಾಡುತ್ತಿದ್ದ ರಾಷ್ಟ್ರೀಯ ಸಂಘ 1959ರಿಂದ 85ಕ್ಕಿಂತ ಕಡಿಮೆ ಐಕ್ಯೂ ಇದ್ದವರನ್ನೂ ಆ ಪಟ್ಟಿಗೆ ಸೇರಿಸಬಹುದೆನ್ನುತ್ತಿತ್ತು. ಲೆಕ್ಕದ ಪ್ರಕಾರ ಜನಸಂಖ್ಯೆಯ ಸುಮಾರು ಶೇ. 16. 1973ರಲ್ಲಿ ಗೆರೆಯನ್ನು 70ಕ್ಕೆ ಇಳಿಸಿದರು. ಅದರ ಕೆಳಗೆ ಬರುವವರು ಶೇ. 2ಕ್ಕಿಂತ ತುಸು ಹೆಚ್ಚು. ಯಾವ ಔಷಧಿಯೂ ಇಲ್ಲದೆ ಲಕ್ಷಾಂತರ ಜನ ಕಾಗದದ ಮೇಲೆ ಗುಣವಾದರು.

ಮುಂದಿನ ದಶಕದ ಗಮನವನ್ನೆಲ್ಲ ಸೆಳೆದದ್ದು ಇನ್ನೊಂದು ಮೊಕದ್ದಮೆ. ಸ್ಯಾನ್‌ಫ್ರಾನ್ಸಿಸ್ಕೊದ ಕಪ್ಪು ಮಕ್ಕಳ ಪರವಾಗಿ 1971ರಲ್ಲಿ ಹೂಡಿದ ಲ್ಯಾರಿ ಪಿ. ಮೊಕದ್ದಮೆಯಲ್ಲಿ ಅದೇ ಪೆಕ್ಹ್ಯಾಮ್ 1979ರಲ್ಲಿ ತೀರ್ಪು ಕೊಟ್ಟು, ಬುದ್ಧಿಮಾಂದ್ಯರ ತರಗತಿಗೆ ಹಾಕಲು ಆ ಮಕ್ಕಳಿಗೆ ಐಕ್ಯೂ ಪರೀಕ್ಷೆ ಬಳಸುವುದನ್ನೇ ತಡೆದರು. ಮರುವರ್ಷ ಶಿಕಾಗೊದಲ್ಲಿ ಇಂಥದೇ ಮೊಕದ್ದಮೆ ಕೇಳಿದ ನ್ಯಾಯಾಧೀಶ ಜಾನ್ ಗ್ರೇಡಿ ಪರೀಕ್ಷೆಗಳ ಪ್ರಶ್ನೆಗಳನ್ನು ಒಂದೊಂದಾಗಿ ತಾವೇ ಓದಿ ನೋಡಿ, ಬೆರಳೆಣಿಕೆಯ ಪ್ರಶ್ನೆಗಳಲ್ಲಿ ಮಾತ್ರ ಪಕ್ಷಪಾತವಿದೆ ಎಂದು ಪರೀಕ್ಷೆಗಳ ಪರ ತೀರ್ಪಿತ್ತರು. ಪಕ್ಷಪಾತ ಪ್ರಶ್ನೆಯಲ್ಲಿದೆಯೋ, ಅಂಕದಲ್ಲಿದೆಯೋ, ಅಂಕ ಹಿಡಿದು ಮಗುವನ್ನು ಎಲ್ಲಿಗೆ ಕಳಿಸುತ್ತಾರೆ ಎಂಬುದರಲ್ಲಿದೆಯೋ ಎಂದು ಮನೋವಿಜ್ಞಾನಿಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನನಗೆ ಮೂರನೆಯದೇ ಮುಖ್ಯ ಅನ್ನಿಸುತ್ತದೆ. ಬಣ್ಣ ತುಂಬುತ್ತ ಕಾಲ ಕಳೆಯುವ ಕೊಠಡಿಯ ಬದಲು ಒಳ್ಳೆಯ ಪಾಠ ಸಿಗುವ ಕೊಠಡಿಗೆ ಕಳಿಸಿದ್ದರೆ ಸೊಲೆಡಾಡ್‌ನ ತಂದೆತಾಯಂದಿರು ಕೋರ್ಟಿಗೆ ಹೋಗುತ್ತಿದ್ದರೇ?

ಡಯಾನಾ ಒಪ್ಪಂದದ ಮಿತಿ ಇರುವುದೂ ಇಲ್ಲೇ. ಅದು ಅಳತೆಗೋಲನ್ನು ತಿದ್ದಿತು, ಪಾಠವನ್ನು ಮುಟ್ಟಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಮಕ್ಕಳ ಹೆಸರು ಬುದ್ಧಿಮಾಂದ್ಯರ ಪಟ್ಟಿಯಿಂದ ಹೊರಬಂತು. ಒಂದು ದಶಕದೊಳಗೆ ಆ ತರಗತಿಗಳ ಸಂಖ್ಯಾಬಲ ಅರ್ಧಕ್ಕೂ ಕೆಳಗಿಳಿಯಿತು. ಹೊರಬಂದ ಮಕ್ಕಳು ಸಾಮಾನ್ಯ ತರಗತಿಯಲ್ಲಿ ಹೇಗಿದ್ದಾರೆಂದು ನೋಡಿದವರಿಗೆ ಸಿಕ್ಕಿದ್ದು ಮಿಶ್ರ ಉತ್ತರ. ಬುದ್ಧಿಮಾಂದ್ಯರ ತರಗತಿಯಲ್ಲೇ ಉಳಿದವರಿಗಿಂತ ಅವರು ಎಷ್ಟೋ ಮುಂದಿದ್ದರು, ಹೊಸ ಸಹಪಾಠಿಗಳಿಗಿಂತ ಹಿಂದಿದ್ದರು. ಹಿಂದಿರದೆ ಏನು? ಕಲಿಯುವ ವಯಸ್ಸಿನ ಕೆಲವು ವರ್ಷ ಅವರಿಗೆ ಯಾರೂ ಏನೂ ಕಲಿಸಿರಲಿಲ್ಲ.

ಹಾಗಾದರೆ ಶಾಲೆಗಳು ಇಂಗ್ಲಿಷ್ ಬಾರದ ಮಕ್ಕಳನ್ನು ಬೇರೆಡೆಗೆ ಕಳಿಸುವುದನ್ನು ಬಿಟ್ಟವೇ? ಬಿಡಲಿಲ್ಲ, ಬೋರ್ಡು ಬದಲಾಯಿತು. 1963ರಲ್ಲಿ ಸ್ಯಾಮ್ಯುಯೆಲ್ ಕರ್ಕ್ ಬಳಕೆಗೆ ತಂದ 'ಕಲಿಕಾ ನ್ಯೂನತೆ' ಎಂಬ ವರ್ಗ 1975ರ ಕಾಯಿದೆಯೊಳಗೆ ಸೇರಿತ್ತು. ಅದಕ್ಕೆ ಬುದ್ಧಿಮಾಂದ್ಯತೆಯ ಕಳಂಕ ಇರಲಿಲ್ಲ. ತಂದೆತಾಯಿ ಒಪ್ಪುವುದೂ ಸುಲಭ. 1983ರಲ್ಲಿ ಆಲ್ಬಾ ಓರ್ಟಿಜ್ ಮತ್ತು ಜೇಮ್ಸ್ ಯೇಟ್ಸ್ ಟೆಕ್ಸಾಸ್‌ನ ಲೆಕ್ಕ ತೆಗೆದಾಗ, ಹಿಸ್ಪಾನಿಕ್ ಮಕ್ಕಳು ಬುದ್ಧಿಮಾಂದ್ಯರ ಪಟ್ಟಿಯಲ್ಲಿ ತಮ್ಮ ಪಾಲಿಗಿಂತ ಕಡಿಮೆ ಇದ್ದರು, ಕಲಿಕಾ ನ್ಯೂನತೆಯ ಪಟ್ಟಿಯಲ್ಲಿ ಮಾತ್ರ ಮೂರು ಪಟ್ಟಿಗೂ ಹೆಚ್ಚಿದ್ದರು. ಎರಡನೆಯ ಭಾಷೆ ಕಲಿಯುತ್ತಿರುವ ಮಗು ಅಕ್ಷರ ತಡವರಿಸುತ್ತದೆ, ಕೇಳಿದ್ದನ್ನು ಮರೆಯುತ್ತದೆ, ವಾಕ್ಯ ನಡುವೆ ನಿಲ್ಲಿಸುತ್ತದೆ. ಕಲಿಕಾ ನ್ಯೂನತೆಯ ಲಕ್ಷಣಗಳೂ ಇವೇ. ಬಿಡಿಸಿ ನೋಡುವ ತಾಳ್ಮೆ ಇಲ್ಲದಿದ್ದರೆ ಒಂದನ್ನು ಇನ್ನೊಂದೆಂದು ಬರೆದುಕೊಳ್ಳುವುದು ಕಷ್ಟವಲ್ಲ.

ಈ ಗೊಂದಲ ಹೇಗೆ ಹುಟ್ಟುತ್ತದೆ ಎಂಬುದನ್ನು ಕೆನಡಾದ ಜಿಮ್ ಕಮಿನ್ಸ್ ತೋರಿಸಿದರು. ಪಶ್ಚಿಮ ಕೆನಡಾದ ನಗರವೊಂದರಲ್ಲಿ ವಲಸಿಗ ಮಕ್ಕಳ ಬಗ್ಗೆ ಮನೋವಿಜ್ಞಾನಿಗಳು ಬರೆದ 400ಕ್ಕೂ ಹೆಚ್ಚು ವರದಿಗಳನ್ನು ಓದಿ 1984ರಲ್ಲಿ ಅವರೊಂದು ಪುಸ್ತಕ ಬರೆದರು. ಮಗು ಎರಡು ವರ್ಷದಲ್ಲಿ ಆಟದ ಮೈದಾನದ ಇಂಗ್ಲಿಷನ್ನು ಪಟಪಟನೆ ಆಡತೊಡಗುತ್ತದೆ. ಇಂಗ್ಲಿಷ್ ಬಂತು ಎಂದು ಮೇಷ್ಟರು ಅಂದುಕೊಳ್ಳುತ್ತಾರೆ. ಆದರೆ ವಿಜ್ಞಾನದ ಪಾಠ, ಗಣಿತದ ಮಾತಿನ ಲೆಕ್ಕ ಅರ್ಥವಾಗುವಂಥ ಪುಸ್ತಕದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು. ನಡುವಿನ ಆ ವರ್ಷಗಳಲ್ಲಿ ಮಗು ಪಾಠದಲ್ಲಿ ಹಿಂದುಳಿದರೆ, ಭಾಷೆ ಬರುತ್ತದಲ್ಲ, ದೋಷ ಬುದ್ಧಿಯದೇ ಇರಬೇಕು ಎಂಬ ತೀರ್ಮಾನ. ಮಾತಿನ ಭಾಷೆ, ಪಾಠದ ಭಾಷೆ ಎಂದು ಹೀಗೆ ಕಡ್ಡಿ ಮುರಿದಂತೆ ಭಾಗ ಮಾಡಬಹುದೇ ಎಂದು ಕಮಿನ್ಸ್ ಅವರನ್ನು ಪ್ರಶ್ನಿಸಿದ ಭಾಷಾಶಾಸ್ತ್ರಜ್ಞರಿದ್ದಾರೆ. ವರ್ಷಗಳ ಅಂತರವನ್ನು ಮಾತ್ರ ಹೆಚ್ಚಿನವರು ಒಪ್ಪುತ್ತಾರೆ.

1987ರಲ್ಲಿ ಈ ಕ್ಷೇತ್ರವನ್ನು ಬೆಚ್ಚಿಬೀಳಿಸಿದ್ದು ಲಾಯ್ಡ್ ಡನ್ ಅವರೇ. ಹಿಸ್ಪಾನಿಕ್ ಮಕ್ಕಳ ಕಡಿಮೆ ಅಂಕಗಳಿಗೆ ಅನುವಂಶೀಯತೆಯೂ ಒಂದು ಕಾರಣ ಎಂದು ಅವರು ಪುಸ್ತಿಕೆಯೊಂದರಲ್ಲಿ ಬರೆದರು. ವಿದ್ವಾಂಸರು ತಿರುಗಿಬಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಬಾಗಿಲು ತೆರೆಸಿದವರೇ ಟರ್ಮನ್ ನಿಂತಿದ್ದ ಜಾಗಕ್ಕೆ ಮರಳಿದ್ದು ಹೇಗೆಂಬುದು ನನಗೆ ಇನ್ನೂ ಬಿಡಿಸಲಾಗದ ಒಗಟು.

ಕೋರ್ಟುಗಳ ಭಯ ಇನ್ನೊಂದು ಅನಾಹುತಕ್ಕೂ ದಾರಿ ಮಾಡಿತು. ನಿಜವಾಗಿಯೂ ನೆರವು ಬೇಕಾದ ಮಗುವನ್ನು, ಇಂಗ್ಲಿಷ್ ಬರಲಿ ತಡೆಯಿರಿ ಎಂದು ಕಾಯಿಸುವುದು. ನ್ಯೂಯಾರ್ಕಿನಲ್ಲಿ 1979ರಲ್ಲೇ ಇದರ ವಿರುದ್ಧ ಮೊಕದ್ದಮೆ ಆಗಿತ್ತು. ತಪಾಸಣೆಗೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾದ ಮಕ್ಕಳ ಪರ ಹೋಸೆ ಪಿ. ಮೊಕದ್ದಮೆ, ಅಂಗವೈಕಲ್ಯವೂ ಇರುವ, ಇಂಗ್ಲಿಷೂ ಬಾರದ ಪೋರ್ಟೊರಿಕೊ ಮೂಲದ ಮಕ್ಕಳ ಪರ ಡಿರ್ಸಿಯಾ ಎಸ್. ಮೊಕದ್ದಮೆ. ಎರಡೂ ನಗರದ ಶಿಕ್ಷಣ ಮಂಡಳಿಯನ್ನು ಹಲವು ದಶಕ ನ್ಯಾಯಾಲಯದ ಕಣ್ಗಾವಲಿನಲ್ಲಿಟ್ಟವು. ಸೊಲೆಡಾಡ್‌ನಲ್ಲಿ ಬೇಡದ ಕೊಠಡಿಗೆ ತಳ್ಳಿದ್ದು ಅನ್ಯಾಯ. ನ್ಯೂಯಾರ್ಕಿನಲ್ಲಿ ಬೇಕಾದ ಕೊಠಡಿಯ ಬಾಗಿಲಲ್ಲಿ ನಿಲ್ಲಿಸಿದ್ದೂ ಅನ್ಯಾಯವೇ.

ಹೊಸ ಶತಮಾನದ ಅಧ್ಯಯನಗಳು ಎರಡನ್ನೂ ಒಟ್ಟಿಗೇ ಕಂಡವು. ಆಲ್ಫ್ರೆಡೊ ಆರ್ಟಿಲೆಸ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ನಗರ ಶಾಲೆಗಳಲ್ಲಿ ಕಂಡಂತೆ ಕೆಳಗಿನ ತರಗತಿಗಳಲ್ಲಿ ಅತಿ ಅನ್ನುವಂಥದೇನೂ ಇರಲಿಲ್ಲ. ಐದನೆಯ ತರಗತಿಯಿಂದ ಮುಂದೆ ಇಂಗ್ಲಿಷ್ ಕಲಿಯುವ ಮಕ್ಕಳು ವಿಶೇಷ ಶಿಕ್ಷಣದಲ್ಲಿ ಹೆಚ್ಚತೊಡಗುತ್ತಿದ್ದರು. ಮನೆಮಾತಿನ ಆಸರೆ ಇಲ್ಲದೆ ಇಂಗ್ಲಿಷಿನಲ್ಲೇ ಮುಳುಗಿಸಿದ ಮಕ್ಕಳು ಅಲ್ಲಿಗೆ ಹೋಗುವ ಸಂಭವವೂ ಹೆಚ್ಚಿತ್ತು. 1998ರಲ್ಲಿ ಆ ರಾಜ್ಯದ ಮತದಾರರು ದ್ವಿಭಾಷಾ ಶಿಕ್ಷಣವನ್ನು ಬಹುಪಾಲು ಕಿತ್ತುಹಾಕಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು; 2016ರಲ್ಲಿ ಅವರೇ ಅದನ್ನು ಹಿಂತೆಗೆದುಕೊಂಡರು. ಜೆನಿಫರ್ ಸ್ಯಾಮ್ಸನ್ ಮತ್ತು ನೋನಿ ಲೆಸೊ 2009ರಲ್ಲಿ ದೇಶದ ಮಟ್ಟದ ಅಂಕಿಗಳಲ್ಲಿ ಇಂಥದನ್ನೇ ಕಂಡರು: ಶಿಶುವಿಹಾರದಲ್ಲಿ, ಒಂದನೆಯ ತರಗತಿಯಲ್ಲಿ ಬೇಕಾದ್ದಕ್ಕಿಂತ ಕಡಿಮೆ, ಮೂರನೆಯ ತರಗತಿಗೆ ಬರುವಷ್ಟರಲ್ಲಿ ಹೆಚ್ಚು. ನೆರವು ಫಲಿಸುವ ವಯಸ್ಸಿನಲ್ಲಿ ಶಾಲೆ ಕಾಯುತ್ತದೆ. ಕಾಯುವುದರಿಂದಲೇ ಮಗು ಹಿಂದೆ ಬೀಳುತ್ತದೆ. ಆಮೇಲೆ ಅದಕ್ಕೊಂದು ಹಣೆಪಟ್ಟಿ ಬರುತ್ತದೆ.

ಟೆಕ್ಸಾಸ್ ಇದನ್ನು ಸರ್ಕಾರಿ ನೀತಿಯೇ ಮಾಡಿಕೊಂಡಿತು. ಅಲ್ಲಿಯ ಶಿಕ್ಷಣ ಇಲಾಖೆ 2004ರಲ್ಲಿ, ವಿಶೇಷ ಶಿಕ್ಷಣದಲ್ಲಿರುವ ಮಕ್ಕಳು ಶೇ. 8.5 ಮೀರದಂತೆ ಇರಲಿ ಎಂದು ಜಿಲ್ಲೆಗಳಿಗೆ ಗುರಿ ಹಾಕಿತು. ದೇಶದ ಸರಾಸರಿ ಆಗ ಸುಮಾರು ಶೇ. 13. ಹನ್ನೆರಡು ವರ್ಷ ಇದು ಹೊರಗಿನವರ ಗಮನಕ್ಕೇ ಬರಲಿಲ್ಲ. 2016ರಲ್ಲಿ 'ಹ್ಯೂಸ್ಟನ್ ಕ್ರಾನಿಕಲ್' ಪತ್ರಿಕೆಯ ಬ್ರಯನ್ ರೋಸೆಂಥಾಲ್ ಸರಣಿ ವರದಿಗಳಲ್ಲಿ ಬಯಲಿಗೆಳೆದಾಗ, ನೆರವು ತಪ್ಪಿದವರಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಮರುವರ್ಷ ರಾಜ್ಯದ ಶಾಸನಸಭೆ ಆ ಮಿತಿಯನ್ನು ನಿಷೇಧಿಸಿತು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಟೆಕ್ಸಾಸ್ ಕಾನೂನು ಮುರಿದಿದೆ ಎಂದು ಘೋಷಿಸಿತು.

ಈ ಕಥೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಮನೆಗಳಿಗೂ ಸೇರಿದ್ದು. ಮನೆಯಲ್ಲಿ ಬೇರೆ ಭಾಷೆ ಇದೆ ಎಂದು ಶಾಲೆ ಸೇರುವಾಗ ಬರೆದುಕೊಟ್ಟ ಮಗುವಿಗೆ ಅಲ್ಲಿ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಅದರಲ್ಲಿ ಹಿಂದೆ ಬಿದ್ದ ಕನ್ನಡದ ಮಗುವೂ 'ಇಂಗ್ಲಿಷ್ ಕಲಿಯುವ' ಪಟ್ಟಿಗೇ ಸೇರುತ್ತದೆ. ಆ ಮಗು ಪಾಠದಲ್ಲಿ ತಡವರಿಸಿದರೆ ತಪಾಸಣೆ ಬೇಕೆಂದು ತಂದೆತಾಯಿ ಬರವಣಿಗೆಯಲ್ಲಿ ಕೇಳಬಹುದು. ಇಂಗ್ಲಿಷ್ ಬರುವವರೆಗೆ ಕಾಯಿರಿ ಎನ್ನುವ ಅಧಿಕಾರ ಶಾಲೆಗಿಲ್ಲ. ಪೋಷಕರ ಒಪ್ಪಿಗೆ ಇಲ್ಲದೆ ಮೊದಲ ತಪಾಸಣೆಯನ್ನು ಶುರುಮಾಡಲು ಹೊರಟರೆ ಶಾಲೆ ಕಾನೂನಿನ ದಾರಿ ಹಿಡಿಯಬೇಕಾಗುತ್ತದೆ. ಕನ್ನಡ ಬಲ್ಲ ಮನೋವಿಜ್ಞಾನಿಗಳು ಅಲ್ಲಿ ವಿರಳ. ಸಾಧ್ಯವೇ ಇಲ್ಲ ಎನ್ನುವಂಥ ಸಂದರ್ಭ ಬಿಟ್ಟು ಉಳಿದೆಡೆ ಮನೆಮಾತಿನಲ್ಲೇ ಪರೀಕ್ಷಿಸಬೇಕು ಎಂದು ಕಾನೂನು ಹೇಳುತ್ತದೆ. ಆ ವಿನಾಯಿತಿಯನ್ನೇ ಶಾಲೆ ಮೊದಲು ಮುಂದೆ ಮಾಡಿದರೂ ಆಶ್ಚರ್ಯವಿಲ್ಲ. ಆಗಲೂ ದುಭಾಷಿ ಬೇಕೆಂದು ಕೇಳಿ. ಮಗು ಮನೆಯಲ್ಲಿ ಕನ್ನಡದಲ್ಲಿ ಏನೇನು ಹೇಳುತ್ತದೆ, ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನೀವೇ ಬರೆದು ಕಡತಕ್ಕೆ ಸೇರಿಸಿ.